ಮೆಂಚಿಂಗಳ ಬರಿಗಾಲಿನ ಅಕ್ಷರಗಳು

ಬಾಗುಂಬಾಯಾನ್ ಬೀದಿಯ ಹುಂಜಗಳು ಕೂಗುವ ಮೊದಲು ಒಂದು ಸಲ ಮೆಂಚಿಂಗ್ ಮನೆಯ ಕಡೆ ನೋಡುತ್ತವೆ. ಅಲ್ಲಿ ದೀಪ ಹತ್ತಿದ್ದರೆ ಬೆಳಗಾಯಿತು ಅಂತ ಲೆಕ್ಕ. ಹತ್ತದಿದ್ದರೆ ಸೂರ್ಯ ನೆತ್ತಿಗೆ ಬಂದರೂ ಅವು ನಂಬುವುದಿಲ್ಲ.

ಈ ಶನಿವಾರ ದೀಪ ಬೇಗನೇ ಹತ್ತಿದೆ. ಮನೆ ಮುಂದಿನ ತಗಡಿನ ಚಪ್ಪರದ ಕೆಳಗೆ ಮೆಂಚಿಂಗ್ ಕಾಲು ಮಡಚಿ ಕೂತಿದ್ದಾಳೆ. ಎದುರಿಗೆ ಬಿಲ್ಲಿನ ಹೆದೆಯ ಹಾಗೆ ಬಿಗಿದ ತಂತಿ, ಅದರೊಳಗೆ ಕರೆಂಟು ಹರಿದು ಕಾದಿದೆ. ಕೈಯಲ್ಲಿ ಎದೆಮಟ್ಟದ ಬಿಳಿ ಥರ್ಮೋಕೋಲ್ ಹಲಗೆ. ಹಲಗೆಯನ್ನು ತಂತಿಯತ್ತ ಮೆಲ್ಲಗೆ ತಳ್ಳಿದರೆ ‘ಸುಂಯ್’ ಅಂತ ಒಂದು ಸದ್ದು, ಅಷ್ಟೆ, ಗೆರೆ ಬಿದ್ದುಹೋಗುತ್ತದೆ. ಈಗ ಕೊಯ್ಯುತ್ತಿರುವುದು ‘ಎನ್’ ಅಕ್ಷರದ ಎಡಗಡೆಯ ಸಣ್ಣ ಕಂಬ. ಇದು ಮುಗಿದರೆ ಹೆಸರು ಮುಗಿಯಿತು.

"ಉಸಿರು ಬಿಡ್ಬೇಡ," ಅನ್ನುತ್ತಾಳೆ ಮೆಂಚಿಂಗ್.

"ನಾನೆಲ್ಲಿ ಬಿಟ್ಟೆ?" ಅನ್ನುತ್ತಾನೆ ಗಂಡ ಟಿನಾಂಗ್. ಕೈಯಲ್ಲಿ ಎರಡು ಲೋಟ ಕಾಫಿ, ಕಂಕುಳಲ್ಲಿ ಬಿಸಿ ಬನ್ನಿನ ಪೊಟ್ಟಣ. "ಕಾಫಿ ಆರಿಹೋಗ್ತಿದೆ ಮಾರಾಯ್ತಿ. ಹಬೆ ಬರ್ತಿದೆ ನೋಡು."

"ಅದಕ್ಕೂ ಹೇಳು, ಉಸಿರು ಬಿಡ್ಬೇಡ ಅಂತ."

ಗಂಡನೂ ಕಾಫಿಯೂ ಉಸಿರು ಬಿಗಿಹಿಡಿದ ಮೇಲೆ ಕಂಬ ಬೇರೆಯಾಗಿ ಕೈಗೆ ಬರುತ್ತದೆ. ಎಷ್ಟು ಸಣ್ಣ ಅಂತೀರಿ. ಆ ಗೆರೆಯ ಮೇಲೆ ಇರುವೆ ನಡೆಯಬೇಕಾದರೆ ದೊಂಬರಾಟದವರ ಹಾಗೆ ಎರಡು ಕೈ ಚಾಚಿಕೊಂಡೇ ನಡೆಯಬೇಕು. ಮೆಂಚಿಂಗ್ ಅದನ್ನು ದೀಪಕ್ಕೆ ಹಿಡಿದು ನೋಡಿ, ತಲೆ ಆಡಿಸಿ, ಆಮೇಲೆ ಬನ್ನನ್ನು ಕಾಫಿಗೆ ಅದ್ದುತ್ತಾಳೆ.

ಈಕೆ ಕೊಯ್ಯುವ ಅಕ್ಷರಗಳ ಜಾತಿಯೇ ಬೇರೆ. ಒಂದು ಗೆರೆ ಬಾಳೆದಿಂಡಿನಷ್ಟು ದಪ್ಪ ಇದ್ದರೆ, ಅದಕ್ಕೇ ಅಂಟಿಕೊಂಡ ಇನ್ನೊಂದು ಗೆರೆ ಬಾಳೆನಾರಿನಷ್ಟು ಸಣ್ಣ. ನಡುವಿನದು ಅಂತ ಒಂದಿಲ್ಲ. ತುದಿಗಳಲ್ಲಿ ಪಾದವಿಲ್ಲ, ಕೊಕ್ಕೆಯಿಲ್ಲ, ಬಳುಕಿದ ಬಾಲವಿಲ್ಲ. ಹರಿತವಾಗಿ ಕೊಯ್ದಲ್ಲಿಗೆ ನಿಂತಿತು. ಅದಕ್ಕೇ ಬೀದಿಯವರು ಇವಕ್ಕೆ ಬರಿಗಾಲಿನ ಅಕ್ಷರ ಅಂತಾರೆ. ದೊಡ್ಡದಾಗಿ ಕೊಯ್ದು ನಿಲ್ಲಿಸಿದರೆ ರೇಷ್ಮೆ ಉಟ್ಟು ಚಪ್ಪಲಿ ಮರೆತು ಬಂದ ದೊರೆಸಾನಿಯ ಹಾಗೆ ಕಾಣುತ್ತವೆ. ಚಿಕ್ಕದಾಗಿ ಬರೆದರೆ ಕೆಲಸಕ್ಕೆ ಬಾರವು. ಔಷಧಿ ಚೀಟಿಯನ್ನು ಈ ಅಕ್ಷರದಲ್ಲಿ ಬರೆದರೆ ಸಣ್ಣ ಗೆರೆಗಳೆಲ್ಲ ಮಾಯವಾಗಿ ರೋಗಿ ಇನ್ಯಾವುದೋ ಮಾತ್ರೆ ನುಂಗಿಯಾನು. ಇವು ವೇದಿಕೆಗೆ ಹುಟ್ಟಿದವು. ಮದುವೆ, ಹುಡುಗಿಯರ ಹದಿನೆಂಟರ ಹಬ್ಬ, ಶಾಲೆಯ ಬಹುಮಾನದ ದಿನ, ಎಲ್ಲಿ ಒಂದು ಹೆಸರು ದೂರದಿಂದ ಮೆರೆಯಬೇಕೋ ಅಲ್ಲಿಗೆ ಮೆಂಚಿಂಗಳ ಅಕ್ಷರ ಹೋಗುತ್ತದೆ. ದಿನಕ್ಕೆ ಒಂದು ಹೆಸರು ಸಾಮಾನ್ಯ, ಮೇ ತಿಂಗಳಲ್ಲಿ ಎರಡು ಮೂರು. ನೋಡುವವರು ಹೆಸರನ್ನು ನೋಡುತ್ತಾರೆ. ಕೊಯ್ದವಳು ವೇದಿಕೆಯ ಹಿಂದೆ ಮರಳು ಚೀಲ ಸರಿಮಾಡುತ್ತಿರುತ್ತಾಳೆ.

ಕೈ ಪಳಗಿದ್ದು ಲಿಲಿವ್ ಊರಿನ ಚಪ್ಪಲಿ ಮನೆಯಲ್ಲಿ. ಹದಿನಾಲ್ಕನೇ ವಯಸ್ಸಿಗೆ ಅಟ್ಟೆ ಕೊಯ್ಯಲು ಸೇರಿದವಳು, ಕಣ್ಣು ಮುಚ್ಚಿಕೊಂಡು ಎಡಗಾಲು ಬಲಗಾಲು ಬೇರೆ ಮಾಡುತ್ತಿದ್ದಳಂತೆ. "ಹರೇವೆಲ್ಲ ಊರಿನವ್ರ ಕಾಲಿಗೆ ಚಪ್ಪಲಿ ಕೊಯ್ದೆ. ಈಗ ಬರಿಗಾಲಿನ ಅಕ್ಷರ ಕೊಯ್ತೀನಿ. ದೇವರಿಗೆ ತಮಾಷೆ ಅಂದ್ರೆ ಇಷ್ಟ," ಅನ್ನುತ್ತಾಳೆ.

ಅಕ್ಷರದ ರೂಪ ಸಿಕ್ಕಿದ್ದು ಪೇಟೆಯ ಒಂದು ಬ್ಯೂಟಿ ಪಾರ್ಲರಿನ ಹಳೆಯ ಬೋರ್ಡಿನಲ್ಲಿ. ದಪ್ಪ ಎಷ್ಟು, ಸಣ್ಣ ಎಷ್ಟು ಅಂತ ದಾರ ಹಿಡಿದು ಅಳೆಯುತ್ತ ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಿಂತವಳನ್ನು ಒಳಗೆ ಎಳೆದು ಕೂರಿಸಿ ಪಾರ್ಲರಿನವಳು ಕೂದಲು ಕತ್ತರಿಸುತ್ತಿದ್ದಳು. ಅಳತೆ ಪೂರ್ತಿಯಾಗುವಷ್ಟರಲ್ಲಿ ಮೆಂಚಿಂಗಳ ಸೊಂಟದವರೆಗಿನ ಜಡೆ ಕಿವಿಗೆ ಬಂದಿತ್ತು. "ಒಂದೊಂದ್ ಅಕ್ಷರಕ್ಕೆ ಒಂದೊಂದ್ ಗೇಣು ಕೂದ್ಲು ಕೊಟ್ಟಿದೀನಿ. ಪುಕ್ಕಟೆ ಬಂದಿದ್ದಲ್ಲ."

ಕಷ್ಟ ಇಲ್ಲವೆಂದಲ್ಲ. ಹತ್ತು ಬೆರಳಿನಲ್ಲಿ ಸುಟ್ಟ ಗುರುತಿಲ್ಲದ್ದು ಒಂದೂ ಇಲ್ಲ. ಹೊಗೆಗೆ ಕೆಮ್ಮು, ಕೂತು ಕೂತು ಸೊಂಟನೋವು. ಒಂದು ವರ್ಷ ಕೆರೆ ಉಕ್ಕಿ ನೀರು ಮನೆಯೊಳಗೆ ಬಂದಾಗ ಗಂಡ ಹೆಂಡತಿ ಥರ್ಮೋಕೋಲ್ ಹಲಗೆಗಳ ರಾಶಿ ಮೇಲೆ ಕೂತು, ಅಡುಗೆ ಒಲೆ ಸಮೇತ ಬೀದಿಯೆಲ್ಲ ತೇಲಿದರು. ಮೂರನೇ ದಿನ ಪಕ್ಕದ ಊರಿನವರು ಇವರನ್ನು ದೋಣಿ ಅಂತ ತಿಳಿದು ಕೈ ಅಡ್ಡ ಹಿಡಿದರಂತೆ. ಇನ್ನೊಂದು ಸಲ ಟಿನಾಂಗನ ಬಂಡಿಯಿಂದ ಒಂದು ‘ಓ’ ಹಾರಿ ಕೆರೆಗೆ ಬಿತ್ತು. ಆಚೆ ದಡದ ಬೆಸ್ತನೊಬ್ಬ ಅದನ್ನು ಸೊಂಟಕ್ಕೆ ಹಾಕಿಕೊಂಡು ಈಜು ಕಲಿತ. ಇವತ್ತಿಗೂ ಅವನ ಸೊಂಟದ ಎಡಗಡೆ ದಪ್ಪ, ಬಲಗಡೆ ದಪ್ಪ, ಹೊಟ್ಟೆ ಮಾತ್ರ ಸಣ್ಣ ಅಂತ ಟಿನಾಂಗ್ ಆಣೆ ಇಟ್ಟು ಹೇಳುತ್ತಾನೆ.

ಈ ಶನಿವಾರದ ಹೆಸರು ಅಮಿಹಾನ್. ಈಶಾನ್ಯದಿಂದ ಬರುವ ತಂಪು ಗಾಳಿಗೆ ಇಲ್ಲಿಯವರು ಇಟ್ಟ ಹೆಸರದು. ಹುಡುಗಿ ಬೀದಿ ಕೊನೆಯ ತಿಂಡಿ ಅಂಗಡಿಯ ಲೋಯ್ಡಾಳ ಮಗಳು. ಸಂಜೆ ಆರಕ್ಕೆ ಅವಳ ಹದಿನೆಂಟರ ಹಬ್ಬ. ಚಾವಣಿ ಹಾಕಿದ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಹದಿನೆಂಟು ಹುಡುಗರು ಒಂದೊಂದು ಗುಲಾಬಿ ಹಿಡಿದು ಅವಳ ಜೊತೆ ಕುಣಿಯಬೇಕು, ಹಿಂದೆ ವೇದಿಕೆಯ ಮೇಲೆ ಅವಳ ಹೆಸರು ನಿಂತಿರಬೇಕು.

ಆ ‘ನಿಂತಿರಬೇಕು’ ಅನ್ನುವುದೇ ಈಗ ತಕರಾರು. ಹೋದ ತಿಂಗಳು ಅದೇ ಅಂಗಳದ ಒಂದು ಮದುವೆಯಲ್ಲಿ ದೊಡ್ಡ ಫ್ಯಾನು ಹಾಕಿದಾಗ ಮದುಮಗನ ಹೆಸರಿನ ಮೊದಲ ಅಕ್ಷರದ ಸಣ್ಣ ಕಾಲು ಲಟಕ್ಕಂತ ಮುರಿಯಿತು. ಮದುಮಗನನ್ನು ಜನ ಇನ್ನೂ ಕುಂಟ ಅನ್ನುತ್ತಾರೆ. ಅಂಗಳ ನೋಡಿಕೊಳ್ಳುವ ಸಮಿತಿಯವರು ಆವತ್ತೇ ಹೇಳಿದರು, ಇನ್ನೊಂದು ಸಲ ಹೀಗಾದರೆ ಅಂಗಳದಲ್ಲಿ ಇನ್ನು ಮೇಲೆ ಬರೀ ಫ್ಲೆಕ್ಸು. ಮೆಂಚಿಂಗಳ ಮುಕ್ಕಾಲು ಕೆಲಸ ಬರುವುದು ಆ ಅಂಗಳದಿಂದಲೇ. ಅದು ಹೋದರೆ ತಂತಿ ಆರಿಸಿ ಮಲಗಬೇಕು, ಅಷ್ಟೆ.

ಫ್ಲೆಕ್ಸ್ ಅಂಗಡಿಯ ಜೆಪೋಯ್ ಕೆಟ್ಟವನೇನಲ್ಲ. ಮೆಂಚಿಂಗಳನ್ನು ‘ಆತೆ’ ಅಂತ, ಅಂದರೆ ಅಕ್ಕಾ ಅಂತಲೇ ಕರೆಯುತ್ತಾನೆ. ಲೋಯ್ಡಾ ಹೆದರಿ ಅವನಿಗೂ ಒಂದು ಫ್ಲೆಕ್ಸ್ ಹೇಳಿಟ್ಟಿದ್ದಾಳೆ. ಆರಕ್ಕೆ ಅಕ್ಷರ ನಿಂತಿದ್ದರೆ ಸರಿ, ಇಲ್ಲದಿದ್ದರೆ ಫ್ಲೆಕ್ಸು.

"ನಿಮ್ ಅಕ್ಷರಾನೇ ಹಾಕಿದೀನಿ ಆತೆ," ಅಂದನಂತೆ ಜೆಪೋಯ್. "ನನ್ ಕಂಪ್ಯೂಟರಲ್ಲೂ ಇದೆ ಅದು. ದಪ್ಪ ಸಣ್ಣ ಎಲ್ಲಾ ಹಂಗೇ ಬರುತ್ತೆ."

"ಬರ್ಲಿ. ನಿಂದು ಬಟ್ಟೆ ಮೇಲೆ ಮಲಗಿರುತ್ತೆ ಕಣೋ. ಹಬ್ಬದ ದಿನ ಹುಡುಗಿ ಹೆಸರು ಯಾಕೆ ಮಲಗಬೇಕು? ಜ್ವರಾನಾ?"

ಅಮಿಹಾನಳೂ ಪಟ್ಟು ಹಿಡಿದಿದ್ದಳು. ಚಿಕ್ಕವಳಿದ್ದಾಗಿನಿಂದ ಬೇರೆ ಹುಡುಗಿಯರ ಹೆಸರಿನ ಹಿಂದೆ ಅಡಗಿ ಆಡಿದವಳು. ಅಕ್ಷರದ ಸಣ್ಣ ಸಂದಿನಿಂದ ವೇದಿಕೆ ನೋಡುತ್ತ, ನನ್ನ ಸರದಿ ಬಂದಾಗ ನನ್ನದೂ ಹೀಗೇ ಇರಬೇಕು ಅಂದುಕೊಂಡವಳು.

ಬೆಳಕು ಹರಿದ ಮೇಲೆ ಆರು ಅಕ್ಷರಗಳು ಟಿನಾಂಗನ ಪಕ್ಕಬಂಡಿ ಕಟ್ಟಿದ ಬೈಕಿನಲ್ಲಿ ಹೊರಡುತ್ತವೆ. ಗಾಳಿ ತಾಗಬಾರದು ಅಂತ ಅವನು ಎಷ್ಟು ನಿಧಾನ ಓಡಿಸುತ್ತಾನೆ ಅಂದರೆ, ಕೆರೆಗೆ ಹೊರಟ ಬಾತುಕೋಳಿಗಳು ಹಿಂದೆ ಹಾಕಿ ಹೋಗುತ್ತವೆ, ಹೋಗುವಾಗ ತಿರುಗಿ ನೋಡುತ್ತವೆ. ಅಂಗಳದಲ್ಲಿ ಮೆಂಚಿಂಗ್ ಒಂದೊಂದಕ್ಕೂ ಬೆನ್ನಿಗೆ ಬಿದಿರ ಸೀಳು ಕಟ್ಟಿ ಬುಡಕ್ಕೆ ಮರಳು ಚೀಲ ಇಟ್ಟು ನಿಲ್ಲಿಸುತ್ತಾಳೆ. ಪಾದ ಇಲ್ಲದ್ದಕ್ಕೆ ಬೆನ್ನು ಗಟ್ಟಿ ಬೇಕು. ಹೊತ್ತು ನೆತ್ತಿಗೇರುವಾಗ ಹೆಸರು ವೇದಿಕೆಯ ಮೇಲೆ ಬೆಳ್ಳಗೆ ನಿಂತಿದೆ. ಗಂಡ ಹೆಂಡತಿ ಮನೆಗೆ ಹೋಗಿ ಅನ್ನ, ಒಣಮೀನು ಮುಂದಿಟ್ಟುಕೊಂಡು ಕೂರುತ್ತಾರೆ.

ಅನ್ನ ಅರ್ಧ ಆಗಿರುವಾಗ ಕೂಗು ಬರುತ್ತದೆ.

ನಡೆದದ್ದು ಇಷ್ಟು. ಲೋಯ್ಡಾಳ ತಮ್ಮ ಓನಿಂಗ್ ಹಡಗಿನ ಕೆಲಸದವನು, ಹಬ್ಬಕ್ಕೆಂದೇ ರಜೆ ಹಾಕಿ ಬಂದಿದ್ದಾನೆ. ಬಿಳಿ ಹೆಸರು ನೋಡಿ ಅವನಿಗೆ ಸಮಾಧಾನವಾಗಲಿಲ್ಲ. ಅಕ್ಕನ ಮಗಳ ಹೆಸರು ಚಿನ್ನದ್ದಾಗಬೇಕು ಅನ್ನಿಸಿತು. ಬೈಕು ರಿಪೇರಿ ಅಂಗಡಿಗೆ ಹೋಗಿ ಚಿನ್ನದ ಬಣ್ಣದ ಸ್ಪ್ರೇ ಡಬ್ಬಿ ಎರಡು ತಂದು, ಪ್ರೀತಿಯಿಂದ, ಧಾರಾಳವಾಗಿ, ಒಂದು ಡಬ್ಬಿಯನ್ನು ಆರೂ ಅಕ್ಷರಕ್ಕೆ ಹೊಡೆದುಬಿಟ್ಟ. ಆ ಬಣ್ಣ ಕಬ್ಬಿಣಕ್ಕೆ ಹೊಡೆಯುವಂಥದ್ದು. ಥರ್ಮೋಕೋಲಿಗೆ ಬಿದ್ದರೆ ಬಿಸಿ ಅನ್ನದ ಮೇಲಿನ ತುಪ್ಪದ ಹಾಗೆ ಕರಗಿಸುತ್ತದೆ. ಮೊದಲು ಅಕ್ಷರಗಳು ಬೆವರಿದವು. ಆಮೇಲೆ ಸಣ್ಣ ಗೆರೆಗಳು ಬೆಂಕಿಗೆ ಹಿಡಿದ ಕೂದಲಿನ ಹಾಗೆ ಮುದುಡಿಕೊಂಡು ಒಂದೊಂದಾಗಿ ಇಲ್ಲವಾದವು. ದಪ್ಪ ಗೆರೆಗಳು ಉಳಿದವು, ಆದರೆ ಮುಖವೆಲ್ಲ ಸಿಡುಬು ಬಂದ ಹಾಗೆ ಗುಂಡಿ.

ಮೆಂಚಿಂಗ್ ಬಂದಾಗ ಓನಿಂಗ್ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದಾನೆ.

"ಆತೆ, ಒಣಗಿದ್ರೆ ಸರಿಹೋಗುತ್ತೇನೋ."

"ಒಣಗೋಕೆ ಏನ್ ಉಳಿದಿದೆ?"

"ಹಡಗಿಗೆ ಬಣ್ಣ ಹೊಡೆದ ಕೈ ಆತೆ ಇದು. ಹದಿನೈದು ವರ್ಷ."

"ಹಡಗು ಕಬ್ಬಿಣ ಕಣಪ್ಪಾ. ಇದು ಗಾಳಿ, ಮೇಲೊಂದಿಷ್ಟು ಬಿಳಿ. ನೀನು ಗಾಳಿಗೆ ಬಣ್ಣ ಹೊಡ್ದಿದೀಯ."

ಕೂದಲಿಗೆ ಸುರುಳಿ ಕಟ್ಟಿಕೊಂಡಿದ್ದ ಅಮಿಹಾನ್ ಅದೇ ಅವತಾರದಲ್ಲಿ ಓಡಿ ಬಂದು ವೇದಿಕೆಯ ಮುಂದೆ ನಿಲ್ಲುತ್ತಾಳೆ. ಅಲ್ಲಿ ಅವಳ ಹೆಸರಿಲ್ಲ. ಓರೆಯಾಗಿ ನಿಂತ, ನೆಟ್ಟಗೆ ನಿಂತ ಕೆಲವು ತುಂಡುಗಳಿವೆ.

"ತಿಯಾ," ಅನ್ನುತ್ತಾಳೆ, ಅತ್ತೆ ಚಿಕ್ಕಮ್ಮಂದಿರನ್ನೆಲ್ಲ ಇಲ್ಲಿ ಕರೆಯುವ ಹಾಗೆ. "ನನ್ ಹೆಸರು ಎಲ್ಲಿ ಹೋಯ್ತು?"

"ದಪ್ಪದ್ದು ಇದೆ ಮಗಾ. ಸಣ್ಣದ್ದು ನಿಮ್ಮ ಮಾವ ತಿಂದ."

ಹುಡುಗಿ ನಗುವುದಿಲ್ಲ. ಲೋಯ್ಡಾ ಆಗಲೇ ಫೋನು ತೆಗೆದಿದ್ದಾಳೆ. "ಜೆಪೋಯ್‌ಗೆ ಹೇಳ್ಬಿಡ್ಲಾ ಮೆಂಚಿಂಗ್? ಬೇಜಾರ್ ಮಾಡ್ಕೋಬೇಡ."

"ಆರು ಗಂಟೆ ಅಂದಿದ್ದೆ ತಾನೇ? ಆರಾಗ್ಲಿ. ನೀನ್ ಹೋಗಿ ನೂಡಲ್ಸ್ ಬೇಯಿಸು. ಅದು ತುಂಡಾದ್ರೆ ಆಯಸ್ಸು ಕಮ್ಮಿ ಅಂತಾರೆ, ಅದನ್ನ ನೋಡ್ಕೋ."

ಮಾತು ಗಟ್ಟಿಯಾಗಿಯೇ ಬಂತು, ಆದರೆ ಮೆಂಚಿಂಗಳಿಗೆ ದಾರಿ ಗೊತ್ತಿರಲಿಲ್ಲ. ಮನೆಯಲ್ಲಿ ಹೊಸ ಹಲಗೆ ಒಂದೂ ಇಲ್ಲ, ಸೋಮವಾರದವರೆಗೆ ಬರುವುದೂ ಇಲ್ಲ. ಇರುವ ಚೂರುಗಳು ಗೇಣುದ್ದ. ಗೇಣುದ್ದದ್ದನ್ನು ಅಂಟಿಸಿ ಎದೆಮಟ್ಟದ ಸಣ್ಣ ಗೆರೆ ಮಾಡಿದರೆ ಫ್ಯಾನು ಹಾಕಿದ ಕೂಡಲೇ ಅದು ಜೆಪೋಯ್‌ನ ಅಂಗಡಿ ಸೇರುತ್ತದೆ. ಆಕೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ. ಬಾಯಿ ಮುಚ್ಚಿದೆ. ಮೆಂಚಿಂಗ್ ಬಾಯಿ ಮುಚ್ಚಿದ್ದನ್ನು ಬೀದಿ ನೋಡಿದ್ದು ಅದೇ ಮೊದಲು.

ಏನಾದರೂ ಮಾಡಬೇಕಲ್ಲ ಅಂತ ಟಿನಾಂಗ್ ಮೂಲೆಯಲ್ಲಿದ್ದ ತೆಂಗಿನಕಡ್ಡಿ ಪೊರಕೆ ಹಿಡಿದು ಕರಗಿದ ಚೂರುಗಳನ್ನು ಗುಡಿಸತೊಡಗುತ್ತಾನೆ. ಪರ್ರ್, ಪರ್ರ್. ಧೂಳಿನ ಮೇಲೆ ಪೊರಕೆ ಹೋದ ದಾರಿಯಲ್ಲಿ ಸಣ್ಣ ಸಣ್ಣ ಗೀಟುಗಳು. ಮೆಂಚಿಂಗ್ ಅದನ್ನೇ ನೋಡುತ್ತಾಳೆ.

"ಟಿನಾಂಗ್, ಆ ಪೊರಕೆ ಕೊಡಿಲ್ಲಿ."

"ಹೊಡೀಬೇಡ. ಮಾಡಿದ್ದು ನಾನಲ್ಲ, ಓನಿಂಗ್."

ಪೊರಕೆಯಿಂದ ಒಂದು ಕಡ್ಡಿ ಎಳೆದು, ‘ಎನ್’ ಅಕ್ಷರದ ಕಂಬ ಇದ್ದ ಜಾಗಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾಳೆ. ಆಮೇಲೆ ಮುಚ್ಚಿದ ಬಾಯಿ ತೆರೆಯುತ್ತದೆ. "ಬೀದಿಲಿರೋ ಪೊರಕೆ ಎಲ್ಲಾ ಬೇಕು ನಂಗೆ."

ಅಮಿಹಾನಳ ಹೆಸರಿನ ಪುಣ್ಯ ನೋಡಿ, ಎ, ಎಂ, ಐ, ಎಚ್, ಮತ್ತೆ ಎ, ಎನ್. ಒಂದರಲ್ಲೂ ಬಳುಕಿಲ್ಲ, ಎಲ್ಲ ನೆಟ್ಟನೆಯ ಗೆರೆ. ‘ಐ’ಗಂತೂ ಸಣ್ಣ ಗೆರೆಯೇ ಇಲ್ಲ. ಟಿನಾಂಗ್ ಮನೆ ಮನೆಗೆ ಹೋಗುತ್ತಾನೆ. ಹೆಂಗಸರು ಪೊರಕೆ ಕೊಡುತ್ತಾರೆ, ಜೊತೆಗೆ ಮಾತನ್ನೂ. "ನಾಳೆ ಬೆಳಗ್ಗೆ ವಾಪಸ್ ಬೇಕು. ಗುಡಿಸ್ದೇ ಹೋದ್ರೆ ನಮ್ಮತ್ತೆ ನನ್ನೇ ಗುಡಿಸಿ ಹಾಕ್ತಾಳೆ," ಅನ್ನುತ್ತಾಳೆ ಒಬ್ಬಳು. ಆ ಮಧ್ಯಾಹ್ನ ಬಾಗುಂಬಾಯಾನಿನಲ್ಲಿ ಒಂದೂ ಪೊರಕೆಯಿಲ್ಲ. ಬಿದ್ದ ಎಲೆಗಳೆಲ್ಲ ಇಂಥ ಅವಕಾಶ ಇನ್ನು ಸಿಗದು ಅಂತ ಕಾಲು ಚಾಚಿ ಮಲಗಿವೆ.

ತಂತಿಯ ಬಿಲ್ಲು ಅಂಗಳಕ್ಕೇ ಬರುತ್ತದೆ. ಮೆಂಚಿಂಗ್ ಬಾಯಿಗೆ ಬಟ್ಟೆ ಕಟ್ಟಿಕೊಂಡು ದಪ್ಪ ಗೆರೆಗಳ ಸಿಡುಬು ಮುಖವನ್ನು ಎಳನೀರಿನ ಸಿಪ್ಪೆ ಕೆತ್ತಿದ ಹಾಗೆ ಕೆತ್ತಿ ತೆಗೆಯುತ್ತಾಳೆ. ಒಳಗಿನ ಬಿಳಿ ಬರುತ್ತದೆ, ಮೊದಲಿಗಿಂತ ಬಿಳಿ. ಅಮಿಹಾನ್ ನೆಲದ ಮೇಲೆ ಕೂತು ಕಡ್ಡಿಗಳನ್ನು ತುದಿಗೆ ತುದಿ ಸೇರಿಸಿ ದಾರ ಸುತ್ತುತ್ತಾಳೆ. ತಲೆಯ ಸುರುಳಿಗಳು ಒಂದೊಂದೇ ಬಿಚ್ಚಿ ಬೀಳುತ್ತಿವೆ, ಅವಳಿಗೆ ಗಮನವಿಲ್ಲ.

ಓನಿಂಗ್ ಮಾತ್ರ ಕಂಬಕ್ಕೆ ಒರಗಿ ಉಗುರು ಕಚ್ಚುತ್ತಿದ್ದಾನೆ. ಮೆಂಚಿಂಗ್ ಅವನನ್ನು ಕರೆಯುತ್ತಾಳೆ.

"ಆ ಡಬ್ಬಿ ಇನ್ನೂ ಇದ್ಯಾ?"

"ಒಂದು ಪೂರಾ ಇದೆ ಆತೆ. ಬಿಸಾಕ್ಲಾ?"

"ಕಡ್ಡಿಗೆ ಹೊಡಿ."

ಓನಿಂಗ್ ಅವಳ ಮುಖ ನೋಡುತ್ತಾನೆ.

"ಕಡ್ಡಿ ಕರಗಲ್ಲ ಕಣೋ. ಚಿನ್ನ ಬೇಕು ಅಂದ್ಯಲ್ಲ, ಹೊಡಿ. ಆದ್ರೆ ಅಂಗಳದಿಂದ ಆಚೆ, ಆ ಮಾವಿನ ಮರದ ಹತ್ರ. ಥರ್ಮೋಕೋಲ್ ಕಡೆ ತಿರುಗಿ ಸೀನಿದ್ರೂ ಕೈ ಮುರಿದು ಪೊರಕೆ ಜೊತೆ ಕಟ್ಟಿಬಿಡ್ತೀನಿ."

ಓನಿಂಗ್ ಹೋಗಿ ಒಂದೊಂದೇ ಕಡ್ಡಿಕಟ್ಟನ್ನು ದೇವರ ಪಟ ಹಿಡಿದ ಹಾಗೆ ಹಿಡಿದು ಬಣ್ಣ ಹೊಡೆಯುತ್ತಾನೆ. ಮಾವಿನ ಮರದ ಕೆಳಗಿನ ಕೊಂಬೆಯೊಂದು ಇವತ್ತಿಗೂ ಚಿನ್ನದ್ದು. ಅದರಲ್ಲಿ ಬಿಟ್ಟ ಕಾಯಿಯನ್ನು ಹಕ್ಕಿಗಳು ಮುಟ್ಟುವುದಿಲ್ಲ, ಯಾರದೋ ಒಡವೆ ಅಂತ.

ಒಣಗಿದ ಕಡ್ಡಿಗಳನ್ನು ಮೆಂಚಿಂಗ್ ದಪ್ಪ ಗೆರೆಯ ತುದಿಗೆ ಚುಚ್ಚಿ ನಿಲ್ಲಿಸುತ್ತಾಳೆ. ಅಂಟೂ ಬೇಡ, ಮೊಳೆಯೂ ಬೇಡ, ಸೂಜಿ ಬಟ್ಟೆಗೆ ಹೋದ ಹಾಗೆ ಹೋಗುತ್ತದೆ. ‘ಎ’ಗೆ ಎಡಗಾಲು ಬಂತು. ‘ಎಚ್’ಗೆ ನಡುಪಟ್ಟಿ ಬಂತು. ‘ಎಂ’ಗೆ ಎರಡು, ಕೊನೆಗೆ ‘ಎನ್’ಗೆ ಎರಡು ಕಂಬ. ಬೆಳಗ್ಗೆ ಉಸಿರು ಬಿಗಿಹಿಡಿದು ಕೊಯ್ದದ್ದಕ್ಕಿಂತ ಈ ಕಂಬ ಸಣ್ಣ.

ಆರಕ್ಕೆ ಇನ್ನೂ ಸ್ವಲ್ಪ ಇರುವಾಗ ಜೆಪೋಯ್ ಫ್ಲೆಕ್ಸ್ ಸುರುಳಿ ಕಂಕುಳಲ್ಲಿಟ್ಟುಕೊಂಡು ಬರುತ್ತಾನೆ. ಅಂಗಳದ ಸಮಿತಿಯವರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಲೋಯ್ಡಾ ಕೈ ಹಿಸುಕಿಕೊಳ್ಳುತ್ತಿದ್ದಾಳೆ. ದೀಪ ಹತ್ತುತ್ತದೆ. ಬಿಳಿ ಗೆರೆಗಳು ಮೊದಲು ಕಾಣುತ್ತವೆ. ಕಣ್ಣು ಹೊಂದಿಕೊಂಡ ಮೇಲೆ ಅವುಗಳ ನಡುವೆ ಚಿನ್ನದ ಗೀಟುಗಳು ಒಂದೊಂದಾಗಿ ಮಿಂಚುತ್ತವೆ. ಕೊನೇ ಸಾಲಿನಲ್ಲಿ ಕೂತ ಅಜ್ಜಿಯೊಬ್ಬಳು ಹೆಸರನ್ನು ಗಟ್ಟಿಯಾಗಿ ಓದುತ್ತಾಳೆ. ಅವಳಿಗೆ ಕನ್ನಡಕವೂ ಇಲ್ಲ, ಓದೂ ಬರುವುದಿಲ್ಲ, ಆದರೂ ಓದಿದಳು.

"ಫ್ಯಾನ್ ಹಾಕಿ," ಅನ್ನುತ್ತಾಳೆ ಮೆಂಚಿಂಗ್.

"ಬೇಡ ಮಾರಾಯ್ತಿ," ಅನ್ನುತ್ತಾನೆ ಟಿನಾಂಗ್.

"ಹಾಕಿ ಅಂದೆ. ಎರಡೂ ಹಾಕಿ."

ಫ್ಯಾನುಗಳು ಗುಂಯ್‌ಗುಟ್ಟಿ ತಿರುಗುತ್ತವೆ. ಹೂವಿನ ಕಮಾನು ವಾಲುತ್ತದೆ, ಸಮಿತಿಯ ಹಿರಿಯರೊಬ್ಬರ ತಲೆಯ ಅಡ್ಡಗೂದಲು ಎದ್ದು ಸೆಲ್ಯೂಟ್ ಹೊಡೆಯುತ್ತದೆ. ಕಡ್ಡಿಗಳು ಬಾಗುತ್ತವೆ, ನಡುಗುತ್ತವೆ, ಮತ್ತೆ ನೆಟ್ಟಗಾಗುತ್ತವೆ. ವರ್ಷಗಟ್ಟಲೆ ನೆಲಕ್ಕೆ ಬಡಿಸಿಕೊಂಡ ಕಡ್ಡಿಗೆ ಫ್ಯಾನಿನ ಗಾಳಿ ಯಾವ ಲೆಕ್ಕ? ಒಂದೂ ಮುರಿಯುವುದಿಲ್ಲ. ಗಾಳಿ ಬಿದ್ದಾಗಲೆಲ್ಲ ಹೆಸರು ಉಸಿರಾಡಿದ ಹಾಗೆ ಮಿನುಗುತ್ತದೆ, ಅಷ್ಟೆ. ಅರ್ಧ ತಲೆ ಸುರುಳಿ, ಅರ್ಧ ನೆಟ್ಟಗೂದಲಿನ ಅಮಿಹಾನ್ ಮೊದಲ ಗುಲಾಬಿ ತಗೊಂಡು ಕುಣಿಯಲು ಶುರು ಮಾಡುತ್ತಾಳೆ.

ಜೆಪೋಯ್ ಫೋನು ತೆಗೆದು ಫೋಟೋ ಹೊಡೆಯುತ್ತಾನೆ. ಬಹಳ ಹೊತ್ತು ನೋಡುತ್ತಾನೆ. "ಆತೆ, ಇದು ನನ್ ಕಂಪ್ಯೂಟರಲ್ಲಿ ಇಲ್ಲ."

"ಇರಲ್ಲ. ಅದ್ರಲ್ಲಿ ಪೊರಕೆ ಎಲ್ಲಿಂದ ಬರುತ್ತೆ?"

ಅವನ ಫ್ಲೆಕ್ಸು ಸುಟ್ಟ ಹಂದಿಯ ಮೇಜಿನ ಮೇಲೆ ಹಾಸಿಕೊಂಡಿತು. ಜಿಡ್ಡು ಒರೆಸಲು ಬಲು ಸಲೀಸು ಅಂತ ಎಲ್ಲರೂ ಹೊಗಳಿದರು, ಜೆಪೋಯ್ ಕೂಡ. ಸಮಿತಿಯವರು ಎಲೆಯ ಮುಂದೆ ಕೂತಲ್ಲಿಂದಲೇ ಬರುವ ತಿಂಗಳ ಮದುವೆಗೆ ಮೆಂಚಿಂಗಳಿಗೇ ಹೇಳಿದರು. ಆ ಮದುಮಗಳ ತಾಯಿ ಓಡಿ ಬಂದು, ನಮ್ಮದಕ್ಕೂ ಚಿನ್ನದ ಕಡ್ಡಿಯೇ ಇರಲಿ ಅಂದಳು.

"ಕಡ್ಡಿ ಇವತ್ತಿನ ಆಪತ್ತಿಗೆ," ಅಂದಳು ಮೆಂಚಿಂಗ್. "ನಿಮ್ಮದಕ್ಕೆ ಕೊಯ್ದೇ ಕೊಡ್ತೀನಿ. ಕಡ್ಡಿಯಷ್ಟೇ ಸಣ್ಣ. ಬಾಗೋ ಹಂಗೆ. ಹೆಂಗೆ ಅಂತ ಮಾತ್ರ ಇನ್ನೂ ಗೊತ್ತಿಲ್ಲ."

ಹಬ್ಬದ ಹುಡುಗಿ ಮೊದಲ ಅಕ್ಷರವನ್ನು ಮನೆಗೆ ಒಯ್ಯುವುದು ಇಲ್ಲಿನ ರೂಢಿ. ಅಮಿಹಾನ್ ‘ಎ’ಯನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಹಾಸಿಗೆಯ ಪಕ್ಕ ನಿಲ್ಲಿಸಿಕೊಂಡಿದ್ದಾಳೆ. ಉಳಿದ ಅಕ್ಷರಗಳ ಕಡ್ಡಿ ಬಿಚ್ಚಿ ಮತ್ತೆ ಪೊರಕೆ ಕಟ್ಟಿ ಟಿನಾಂಗ್ ಮನೆ ಮನೆಗೆ ಹಂಚಿಬಂದ. ಹಾಗಾಗಿ ಭಾನುವಾರ ಬೆಳಗ್ಗೆ ಬಾಗುಂಬಾಯಾನ್ ಬೀದಿಯನ್ನು ಹೆಂಗಸರೆಲ್ಲ ಚಿನ್ನದ ಪೊರಕೆಯಲ್ಲಿ ಗುಡಿಸುತ್ತಿದ್ದಾರೆ. ಅರಮನೆಯಲ್ಲೂ ಇಂಥದ್ದು ಇದ್ದಿರಲಾರದು. ಕೋಳಿಗಳು ಹೆದರಿ ದಾರಿ ಬಿಡುತ್ತಿವೆ.

ಮೆಂಚಿಂಗ್ ಕೂಡ ತನ್ನ ಚಪ್ಪರದ ಮುಂದೆ ಗುಡಿಸುತ್ತಿದ್ದಾಳೆ. ಎರಡು ಬೀಸು ಬೀಸಿ ನಿಂತು, ಬಗ್ಗಿ, ಧೂಳಿನ ಮೇಲೆ ಮೂಡಿದ ಗೀಟುಗಳನ್ನು ನೋಡುತ್ತಾಳೆ. ಟಿನಾಂಗ್ ಕಾಫಿ ಹಿಡಿದು ಹೊರಗೆ ಬರುತ್ತಾನೆ, ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದು.

"ಉಸಿರು ಬಿಡು," ಅನ್ನುತ್ತಾಳೆ. "ಬಿಟ್ಟು ಬಾ ಇಲ್ಲಿ. ನೋಡು, ಇನ್ನೂ ಸಣ್ಣ ಬರುತ್ತೆ ಇದು."